ಬದುವಿನ ಜಗಳ, ಬೆಳಗಿನ ಮೈಕು

ಬೆಳಗಿನ ಆರು ಗಂಟೆಯ ಹೊತ್ತು. ಈಶಾನ್ಯ ಥಾಯ್ಲೆಂಡಿನ ಇಸಾನ್ ಸೀಮೆಯ ಹಳ್ಳಿಯಲ್ಲಿ ಕಂಬದ ಮೇಲಿನ ಧ್ವನಿವರ್ಧಕ ಒಮ್ಮೆ ಗೊರಗುಟ್ಟುತ್ತದೆ. ಮೊದಲು ಆ ಸೀಮೆಯ ಜನಪದ ‘ಮೊಲಮ್’ ಹಾಡೊಂದು, ಆಮೇಲೆ ‘ಹಲೋ, ಹಲೋ’. ನಾಯಿಗಳಿಗೆ ಲಸಿಕೆ ಹಾಕುವವರು ಬರುತ್ತಿದ್ದಾರೆ, ಕಟ್ಟಿಹಾಕಿ. ಊರ ನಿಧಿಯ ಸಾಲ ತೀರಿಸದವರು ನೆನಪಿಟ್ಟುಕೊಳ್ಳಿ. ಇಂಥವರ ಮನೆಯಲ್ಲಿ ಸಾವಾಗಿದೆ, ಅಡುಗೆಗೆ ಕೈಜೋಡಿಸಿ. ಇನ್ನಷ್ಟು ಹೊತ್ತು ಮಲಗೋಣ ಎಂದುಕೊಂಡವರಿಗೆ ಉಳಿಗಾಲವಿಲ್ಲ.

ಮೈಕು ಹಿಡಿದವರು ‘ಫೂಯಾಯ್ ಬಾನ್’. ಪದಶಃ ಅರ್ಥ ಊರ ದೊಡ್ಡವರು. ಹಲವು ಹಳ್ಳಿಗಳನ್ನು ಸೇರಿಸಿದ ‘ತಂಬೊನ್’ಗೆ ಇಂಥವರಲ್ಲೇ ಒಬ್ಬರು ‘ಕಮ್ನಾನ್’. ರಾಜ ಚುಲಾಲಾಂಗ್‌ಕಾರ್ನ್ ಕಾಲದಲ್ಲಿ, 1892ರಲ್ಲಿ, ಅಯುತ್ಥಯದ ಬಳಿಯ ಬಾಂಗ್ ಪಾ ಇನ್‌ನಲ್ಲಿ ಊರವರೇ ಮುಖ್ಯಸ್ಥನನ್ನು ಆರಿಸುವ ಪ್ರಯೋಗ ಶುರುವಾಯಿತು. ಇಂದಿಗೂ ಈ ಹುದ್ದೆಗೆ ಆಧಾರ 1914ರ ಕಾಯ್ದೆ. ಹೆಂಗಸರಿಗೆ ಈ ಕುರ್ಚಿ ದಕ್ಕಿದ್ದು ಮಾತ್ರ 1982ರ ತಿದ್ದುಪಡಿಯ ನಂತರ.

ಕಾಗದದ ಮೇಲೆ ಇವರು ಸರ್ಕಾರದ ಕೊನೆಯ ಕೊಂಡಿ. ಊರಿನಲ್ಲಿ ಇವರ ನಿಜವಾದ ಕಸುಬು ಬೇರೆ: ಯಾರ ಬಗ್ಗೆ ಯಾರು ಏನಂದರು ಎಂಬುದಕ್ಕೆ ಕಿವಿಗೊಡುವುದು.

ಬೆನ್ನ ಹಿಂದಿನ ಮಾತಿಗೆ ಥಾಯ್ ಭಾಷೆಯಲ್ಲಿ ‘ನಿನ್ಥಾ’ ಎನ್ನುತ್ತಾರೆ. ಪಾಲಿ, ಸಂಸ್ಕೃತದ ದಾರಿ ಹಿಡಿದು ಅಲ್ಲಿಗೆ ಹೋದ ನಮ್ಮ ‘ನಿಂದೆ’ಯೇ ಅದು. ಅವರ ‘ಬುನ್’ ಪುಣ್ಯ, ‘ಕಮ್’ ಕರ್ಮ. ವಿಹಾರದ ಕೆಲಸಗಳಿಗೆ ಮುಂದಾಳಾದ ಗೃಹಸ್ಥ ‘ಮಕ್ಖನಾಯೊಕ್’, ಅಂದರೆ ಮಾರ್ಗನಾಯಕ. ನಿನ್ಥಾ ನಡೆಯುವುದು ಅಂಗಡಿಯ ಮುಂದೆ, ಇಲ್ಲವೇ ಕಂಬಗಳ ಮೇಲೆ ನಿಂತ ಮನೆಯ ಕೆಳಗಿನ ನೆರಳಿನಲ್ಲಿ, ‘ಖ್ರೇ’ ಎಂಬ ಬಿದಿರ ಮಂಚದ ಮೇಲೆ. ತಿಂಗಳ 1 ಮತ್ತು 16ರಂದು ಲಾಟರಿ ಡ್ರಾ. ಅದರ ಹಿಂದಿನ ದಿನಗಳಲ್ಲಿ ಯಾರ ಕನಸಿನಲ್ಲಿ ಯಾವ ಸಂಖ್ಯೆ ಬಂತು ಎಂಬುದರ ಮುಂದೆ ಉಳಿದ ಸುದ್ದಿಯೆಲ್ಲ ಸಪ್ಪೆ.

ಬದುವಿನ ವಿಚಾರವನ್ನೇ ನೋಡಿ. ಭತ್ತದ ನಾಡು, ಹಾಗಾಗಿ ಬದುವಿನ ಜಗಳ ತಪ್ಪಿದ್ದಲ್ಲ. ಉಳುವ ನೆಪದಲ್ಲಿ ಪಕ್ಕದವನು ಪ್ರತಿ ವರ್ಷ ಒಂದಿಷ್ಟು ಕೆರೆಯುತ್ತಾನೆ. ಕಳೆದುಕೊಂಡವನು ಹೋಗಿ ಕಿರುಚಾಡುವುದಿಲ್ಲ. ಹಾಗೆ ಮಾಡಿದರೆ ಎದುರಿನವನ ಮಾನ ಹೋಗುವ ಮೊದಲು ಕಿರುಚಿದವನ ಮಾನವೇ ಹೋಗುತ್ತದೆ. ‘ಕ್ರೆಂಗ್ ಜಾಯ್’ ಎಂದು ಅವರು ಕರೆಯುವ ಈ ಅಳುಕನ್ನು ದಾಕ್ಷಿಣ್ಯ ಎಂದರೆ ಅರ್ಧ ಹೇಳಿದಂತಾಯಿತು, ಇನ್ನರ್ಧ ಅಂಜಿಕೆ. ಆತ ಅಂಗಡಿಯಾಕೆಯ ಮುಂದೆ, ‘ಈ ಸಲ ನಮ್ಮ ಬದು ಯಾಕೋ ಸಣಕಲಾಗಿದೆ’ ಎನ್ನುತ್ತಾನೆ, ಅಷ್ಟೆ. ಅಂಗಡಿಯಾಕೆ ಒಬ್ಬನಿಗೆ ಚಿಕ್ಕಮ್ಮ, ಇನ್ನೊಬ್ಬನ ಹೆಂಡತಿಗೆ ನಾದಿನಿ. ಸಂಜೆಯೊಳಗೆ ಮಾತು ತಲುಪಬೇಕಾದಲ್ಲಿಗೆ ತಲುಪಿರುತ್ತದೆ. ಪಕ್ಕದವನಿಗೆ ಬುದ್ಧಿಯಿದ್ದರೆ ಯಾರೂ ನೋಡದ ಹೊತ್ತಿನಲ್ಲಿ ನಾಲ್ಕು ಬುಟ್ಟಿ ಮಣ್ಣು ಹಾಕಿಬರುತ್ತಾನೆ. ಯಾರೂ ಗೆದ್ದಿಲ್ಲ, ಸೋತೂ ಇಲ್ಲ.

ಮಣ್ಣು ಬೀಳದಿದ್ದಾಗ ಫೂಯಾಯ್ ಬಾನ್ ಬರಬೇಕು. ರಾಜಿ ಮಾಡಿಸುವುದಕ್ಕೆ ಅಲ್ಲಿನ ಪದ ‘ಕ್ಲಾಯ್ ಕ್ಲಿಯಾ’. ಎರಡನೆಯ ತುಂಡು ದಿಬ್ಬದ ಮಣ್ಣನ್ನು ಹರಡಿ ಮಟ್ಟ ಮಾಡುವುದಕ್ಕೂ ಬಳಕೆಯಾಗುತ್ತದೆ. ಊರ ಸಮಿತಿ ಹೀಗೆ ರಾಜಿ ನಡೆಸಲು 1987ರಿಂದಲೇ ಒಳಾಡಳಿತ ಸಚಿವಾಲಯದ ನಿಯಮವಿದೆ, ಒಪ್ಪಂದ ಬರೆದು ಸಹಿ ಹಾಕಿಸುತ್ತಾರೆ. ಪರಿಹಾರದ ಹಣಕ್ಕೆ ಜನ ಇಟ್ಟ ಹೆಸರು ನನಗಂತೂ ಬಹಳ ಇಷ್ಟ: ‘ಖಾ ಥಮ್ ಖ್ವಾನ್’. ಖ್ವಾನ್ ಎಂದರೆ ಮೈಯೊಳಗಿನ ಜೀವಕಳೆ. ಪೆಟ್ಟೋ ಹೆದರಿಕೆಯೋ ಆದರೆ ಅದು ಮೈ ಬಿಟ್ಟು ಓಡುತ್ತದೆ. ಅದನ್ನು ಕರೆದು ತಂದು, ಮಣಿಕಟ್ಟಿಗೆ ಬಿಳಿ ನೂಲು ಕಟ್ಟಿ ನಿಲ್ಲಿಸುವ ಶಾಸ್ತ್ರದ ಖರ್ಚೇ ಈ ಹಣ. ಬೈಕ್ ಡಿಕ್ಕಿಯ ರಾಜಿಯಲ್ಲೂ ಇದೇ ಮಾತು ಬಳಸುತ್ತಾರೆ.

ಊರು ಸಡಿಲವಾದಂತೆ ಜನ ಕೋರ್ಟಿಗೆ ಹೋಗುತ್ತಾರೆ ಎಂದು ನಾವು ಊಹಿಸುತ್ತೇವೆ. ಚಿಯಾಂಗ್ ಮಾಯ್ ಸೀಮೆಯಲ್ಲಿ ದಶಕಗಳ ಕಾಲ ಇದನ್ನೇ ಗಮನಿಸಿದ ಡೇವಿಡ್ ಎಂಗೆಲ್ ಮತ್ತು ಜಾರುವಾನ್ ಎಂಗೆಲ್ 2010ರ ಪುಸ್ತಕದಲ್ಲಿ ಬೇರೆಯೇ ಕಥೆ ಹೇಳಿದ್ದಾರೆ. ಹಿಂದೆ ಪೆಟ್ಟು ಮಾಡಿದವನು ಊರದೈವದ ಶಾಂತಿಗೆಂದು ದಂಡ ತೆರುತ್ತಿದ್ದ. ಆ ಕಟ್ಟು ಹೋದ ಮೇಲೆ ನೊಂದವರು ವಕೀಲರ ಹತ್ತಿರವೂ ಹೋಗಲಿಲ್ಲ. ನನ್ನ ಕರ್ಮ ಎಂದು ಸುಮ್ಮನಾದರು.

ಈ ಏರ್ಪಾಡು ಚಂದ ಎಂದು ಮಾತ್ರ ಬರೆದರೆ ಅನ್ಯಾಯವಾದೀತು. ಇಸಾನ್‌ನಲ್ಲಿ ಒಂದರ ಮೇಲೊಂದು ಸಾವಾದರೆ, ಹೊಟ್ಟೆಯೊಳಗಿನ ಕರುಳು ತಿನ್ನುವ ‘ಫೀ ಪೋಪ್’ ಎಂಬ ಪಿಶಾಚಿ ಇಂಥವರ ಮೈಮೇಲಿದೆ ಎಂದು ಗುಸುಗುಸು ಏಳುವುದುಂಟು. ಬೆರಳು ತಿರುಗುವುದು ಹೆಚ್ಚಾಗಿ ದಿಕ್ಕಿಲ್ಲದ ಮುದುಕಿಯ ಕಡೆಗೆ. ಮನೆ ಬಿಟ್ಟು ಹೋದವರಿದ್ದಾರೆ. ಉತ್ತರದಲ್ಲಿ 19ನೇ ಶತಮಾನದಲ್ಲಿ ಇಂಥ ಆರೋಪ ಹೊತ್ತವರು ಅಮೆರಿಕದ ಮಿಷನರಿಗಳ ಆಸರೆ ಹಿಡಿದಿದ್ದರು. ಬದುವಿಗೆ ಮಣ್ಣು ಹಾಕಿಸುವ ನಾಲಿಗೆಯೇ ಇಲ್ಲಿ ಊರು ಬಿಡಿಸುತ್ತದೆ. ಆಗ ಫೂಯಾಯ್ ಬಾನ್ ಗಟ್ಟಿ ನಿಲ್ಲದಿದ್ದರೆ ಆ ಹುದ್ದೆ ಇದ್ದೂ ದಂಡ.

ಹಣದ ಲೆಕ್ಕವೂ ಮುಚ್ಚುಮರೆಯಲ್ಲ. ಮದುವೆಗೆ, ಸಾವಿಗೆ ಹೆಸರು ಬರೆದ ಲಕೋಟೆ ಕೊಡುತ್ತಾರೆ, ಮನೆಯವರು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಾರೆ. ನಮ್ಮ ಮುಯ್ಯಿಯೇ. ಕೊಯ್ಲಿಗೆ ಒಬ್ಬರ ಗದ್ದೆಗೆ ಇನ್ನೊಬ್ಬರು ಹೋಗುವ ‘ಲೊಂಗ್ ಖೇಕ್’ ನಮ್ಮ ಮುಯ್ಯಾಳು. ಯಂತ್ರ ಬಂದ ಮೇಲೆ ಅದು ಕ್ಷೀಣಿಸಿದೆ. ಸರ್ಕಾರ 2001ರಲ್ಲಿ ಊರಿಗೆ ಹತ್ತು ಲಕ್ಷ ಬಾತ್‌ನಂತೆ ಸಾಲದ ನಿಧಿ ಕೊಟ್ಟಾಗ ಹರಟೆಗೆ ಹೊಸ ವಿಷಯ ಸಿಕ್ಕಿತು: ಕಂತು ಕಟ್ಟದವನ ಮನೆಯ ಮುಂದೆ ಹೊಸ ಬೈಕು.

1992ರಲ್ಲಿ ಫೂಯಾಯ್ ಬಾನ್ ಅವಧಿ ಐದು ವರ್ಷ ಎಂದಾಯಿತು. 2008ರಲ್ಲಿ ಮತ್ತೆ ಹಳೆಯ ಪದ್ಧತಿಗೇ ಮರಳಿ, ಗೆದ್ದವರು 60 ತುಂಬುವವರೆಗೆ ಇರಬಹುದೆಂದಾಯಿತು. ಈಗ ಊರ ಸುದ್ದಿ ಲೈನ್ ಆ್ಯಪ್‌ನ ಗುಂಪಿಗೂ ಬಂದಿದೆ. ಕಂಬದ ಮೈಕು ಇಳಿದಿಲ್ಲ.

ಆ ಕಡೆ ಹೋದಾಗ ದಾರಿಯಲ್ಲಿ ಸಿಕ್ಕವರು ‘ಪಾಯ್ ನಾಯ್?’, ಎಲ್ಲಿಗೆ ಹೊರಟಿರಿ ಎಂದು ಕೇಳಿದರೆ ಗಾಬರಿಯಾಗಬೇಡಿ. ಅದು ವಿಚಾರಣೆಯಲ್ಲ, ನಮಸ್ಕಾರ. ‘ಪಾಯ್ ಥಿಯಾವ್’, ಸುಮ್ಮನೆ ಒಂದು ಸುತ್ತು ಎಂದರೆ ಸಾಕು.