ಸೋರೆ ಬುರುಡೆಯಲ್ಲಿ ಹಕ್ಕಿಗೊಂದು ಮನೆ

ಹನೂರು ತಾಲ್ಲೂಕಿನ ಅಂಚಿನಲ್ಲಿ, ತಮಿಳುನಾಡಿನ ಗಡಿಗೆ ತಾಗಿಕೊಂಡು ಪಾಲಾರ್ ಇದೆ. ಪಾಲಾರ್ ಹಳ್ಳ ಕಾವೇರಿಯನ್ನು ಸೇರುವುದು ಇಲ್ಲಿಯೇ. ಸುತ್ತಲೂ 2013ರಲ್ಲಿ ವನ್ಯಜೀವಿಧಾಮವಾದ ಮಲೆ ಮಹದೇಶ್ವರ ಬೆಟ್ಟದ ಕಾಡು. ಕಾಡಿನ ಹಳೆಯ ಮರಗಳಲ್ಲಿ ಪೊಟರೆಗಳಿರುತ್ತವೆ. ಮರಕುಟಿಗ ಕೊರೆದು ಬಿಟ್ಟುಹೋದ ಪೊಟರೆಯಲ್ಲಿ ಮೈನಾ, ಗಿಳಿ, ಮಡಿವಾಳ ಹಕ್ಕಿಗಳು ಮೊಟ್ಟೆ ಇಡುತ್ತವೆ.

ಊರೊಳಗಿನ ಹಕ್ಕಿಗಳು ಏನು ಮಾಡಬೇಕು? ಹಿಂದೆ ಗುಬ್ಬಚ್ಚಿಗೆ ನಾಡಹೆಂಚಿನ ಸಂದು, ಮಣ್ಣುಗೋಡೆಯ ತೂತು ಸಾಕಾಗಿತ್ತು. ತಾರಸಿ ಮನೆಗಳಲ್ಲಿ ಅಂತಹ ಜಾಗವಿಲ್ಲ. ಆ ಜಾಗವನ್ನು ನಾವೇ ಮಾಡಿಕೊಡಬಹುದು.

ಮಕ್ಕಳೇ, ಎಲ್ಲ ಹಕ್ಕಿಗಳಿಗೂ ಇಂತಹ ಮನೆ ಬೇಡ. ಗೀಜಗ ತನ್ನ ಗೂಡನ್ನು ತಾನೇ ನೇಯುತ್ತದೆ. ಪಿಕಳಾರ ಪೊದೆಯಲ್ಲಿ ಬಟ್ಟಲಿನಂತಹ ಗೂಡು ಕಟ್ಟುತ್ತದೆ. ಪೊಟರೆ ಹುಡುಕುವ ಹಕ್ಕಿಗಳು ಮಾತ್ರ ನಮ್ಮ ಗೂಡಿಗೆ ಬರುತ್ತವೆ.

ಬೇಕಾಗುವ ಸಾಮಗ್ರಿ

ಬೀಜಕ್ಕೆಂದು ಬಳ್ಳಿಯಲ್ಲೇ ಬಿಟ್ಟು ಒಣಗಿದ ಸೋರೆ ಬುರುಡೆ (ಹೊಟ್ಟೆಯ ಅಡ್ಡಳತೆ ಸುಮಾರು 15 ಸೆಂ.ಮೀ.), ತೆಂಗಿನ ನಾರಿನ ಹಗ್ಗ ಅಥವಾ ಹಳೆಯ ತಂತಿ, ಸುಣ್ಣ, ಕೈವಾರ, ಅಳತೆಪಟ್ಟಿ.

ಮಾಡುವ ವಿಧಾನ

1. ಅಲ್ಲಾಡಿಸಿದರೆ ಬೀಜ ಗಲಗಲ ಎನ್ನುವಷ್ಟು ಒಣಗಿದ ಬುರುಡೆ ಆರಿಸಿ.

2. ತಳದಿಂದ 10-12 ಸೆಂ.ಮೀ. ಮೇಲೆ ಕೈವಾರದಿಂದ ವೃತ್ತ ಎಳೆಯಿರಿ. ಗುಬ್ಬಚ್ಚಿಗಾದರೆ ತ್ರಿಜ್ಯ 1.6 ಸೆಂ.ಮೀ., ಮಡಿವಾಳ ಹಕ್ಕಿಗಾದರೆ 2.5 ಸೆಂ.ಮೀ.

3. ವೃತ್ತವನ್ನು ಹಿರಿಯರಿಂದಲೇ ಕೊರೆಸಿ. ಒಳಗಿನ ಧೂಳು ಮೂಗಿಗೆ ಹೋಗದಂತೆ ಒದ್ದೆ ಬಟ್ಟೆ ಕಟ್ಟಿಕೊಳ್ಳಿ. ಬೀಜ, ತಿರುಳು ತೆಗೆಯಿರಿ. ಬೀಜವನ್ನು ಮುಂದಿನ ಮಳೆಗಾಲಕ್ಕೆ ಎತ್ತಿಡಿ.

4. ತಳದಲ್ಲಿ ನಾಲ್ಕು, ಕತ್ತಿನ ಬಳಿ ಎರಡು ಸಣ್ಣ ತೂತು ಮಾಡಿಸಿ.

5. ಹೊರಗೆ ಮಾತ್ರ ಸುಣ್ಣ ಬಳಿದು ಒಣಗಿಸಿ.

6. ನೆಲದಿಂದ 2-3 ಮೀಟರ್ ಎತ್ತರದಲ್ಲಿ, ಬೆಕ್ಕು ಏರಲಾಗದ ಕಡೆ, ಸೂರಿನ ನೆರಳಿನಲ್ಲಿ ಅಲುಗಾಡದಂತೆ ಕಟ್ಟಿ.

ಏಕೆ ಹೀಗೆ?

ಬಾಗಿಲಿನ ಅಳತೆಯೇ ಕಾವಲುಗಾರ. 3.2 ಸೆಂ.ಮೀ. ತೂತಿನಲ್ಲಿ ಗುಬ್ಬಚ್ಚಿ ನುಗ್ಗಬಲ್ಲದು, ಮೈನಾ ನುಗ್ಗಲಾರದು. ಬಾಗಿಲ ಮುಂದೆ ಕೂರಲು ಕಡ್ಡಿ ಸಿಕ್ಕಿಸಬೇಡಿ. ಪೊಟರೆ ಹಕ್ಕಿಗೆ ಅದು ಬೇಕಿಲ್ಲ, ಮರಿ ಕದಿಯುವ ಕಾಗೆಗೆ ಅನುಕೂಲ. ತಳದ ತೂತಿನಿಂದ ನೀರು ಇಳಿಯುತ್ತದೆ, ಮೇಲಿನ ತೂತಿನಿಂದ ಬಿಸಿಗಾಳಿ ಹೊರಹೋಗುತ್ತದೆ. ಬಿಳಿ ಬಣ್ಣ ಬಿಸಿಲನ್ನು ಪ್ರತಿಫಲಿಸುತ್ತದೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಕಾದ ಗೂಡಿನೊಳಗೆ ಮರಿಗಳು ಸಾಯಬಹುದು. ಹಾಗಾಗಿ ನೆರಳು ಮತ್ತು ಸುಣ್ಣ ಎರಡೂ ಅಗತ್ಯ.

ಇದು ಹೊಸ ಉಪಾಯವೇನಲ್ಲ. ಉತ್ತರ ಅಮೆರಿಕದ ಮೂಲನಿವಾಸಿಗಳು ಬಹಳ ಹಿಂದೆಯೇ ಕಂಬಗಳಿಗೆ ಸೋರೆ ಬುರುಡೆ ಕಟ್ಟಿ, ಕವಲುತೋಕೆಯ ಬಳಗದ ಪರ್ಪಲ್ ಮಾರ್ಟಿನ್ ಹಕ್ಕಿಗಳನ್ನು ಕರೆಯುತ್ತಿದ್ದರು.

ಗೂಡು ಕೊಟ್ಟರೆ ಸಾಕೇ?

ಸಾಲದು. ದೊಡ್ಡ ಗುಬ್ಬಚ್ಚಿ ರಾಗಿ, ನವಣೆ ತಿಂದು ಬದುಕುತ್ತದೆ. ಆದರೆ ಮರಿಗಳು ಬೆಳೆಯಲು ಹುಳುಗಳೇ ಬೇಕು. ಮರಿಗಳು ಗೂಡಿನಲ್ಲಿರುವ ಸುಮಾರು ಎರಡು ವಾರ ತಂದೆ-ತಾಯಿ ದಿನವಿಡೀ ಹುಳು ಹೊತ್ತು ತರುತ್ತವೆ. ಬೇಲಿಯ ಗಿಡಗಳನ್ನೆಲ್ಲ ಕಡಿದು, ಕೈತೋಟಕ್ಕೆ ಕೀಟನಾಶಕ ಸಿಂಪಡಿಸಿದರೆ ಮರಿಗಳಿಗೆ ಉಪವಾಸವೇ ಗತಿ. ಶಾಲೆಯ ಬೇಲಿಯ ಒಂದು ಮೂಲೆಯನ್ನಾದರೂ ಹಾಗೆಯೇ ಬಿಡಿ.

ಮಾಡಿ ನೋಡಿ

ಸುಣ್ಣ ಬಳಿದ ಒಂದು ಬುರುಡೆ, ಬಳಿಯದ ಇನ್ನೊಂದು ಬುರುಡೆ ಬಿಸಿಲಿನಲ್ಲಿಡಿ. ಮಧ್ಯಾಹ್ನ ಎರಡರೊಳಗೂ ಉಷ್ಣಮಾಪಕ ಇಟ್ಟು ಉಷ್ಣತೆ ಬರೆದುಕೊಳ್ಳಿ.

ಸಂಕ್ರಾಂತಿಯ ಹೊತ್ತಿಗೆ ಗೂಡು ಕಟ್ಟಿದರೆ ಬೇಸಿಗೆಗೆ ಹಕ್ಕಿ ಬರಬಹುದು. ಮೊದಲ ವರ್ಷ ಬಾರದಿದ್ದರೆ ಗೂಡನ್ನು ಕೀಳಬೇಡಿ. ಬಂದರೆ ದೂರದಿಂದಲೇ ನೋಡಿ, ಒಳಗೆ ಇಣುಕಬೇಡಿ. ಹಕ್ಕಿ ಬಂದ ದಿನ, ಹುಲ್ಲು ತಂದ ದಿನ, ಅರ್ಧ ಗಂಟೆಯಲ್ಲಿ ಎಷ್ಟು ಬಾರಿ ಹುಳು ತಂದಿತು ಎಂಬುದನ್ನು ಪುಸ್ತಕದಲ್ಲಿ ಬರೆದು ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ.