ಕಾರಿನ ಚಾವಿಯೊಳಗಿನ ಚಿಪ್ ಏನು ಮಾಡುತ್ತದೆ?

ಕಬ್ಬಿನ ಬಿಲ್ ಕೈಗೆ ಬಂದ ಮೇಲೆ ಮುಧೋಳ, ಜಮಖಂಡಿ ಭಾಗದ ಎಷ್ಟೋ ಮನೆಗಳಿಗೆ ಸೆಕೆಂಡ್ ಹ್ಯಾಂಡ್ ಕಾರು ಬರುತ್ತದೆ. ಬಣ್ಣ, ಟೈರು, ಎಂಜಿನ್ ಎಲ್ಲವನ್ನೂ ನೋಡುತ್ತೇವೆ. ಚಾವಿ ಎಷ್ಟಿವೆ ಎಂದು ಕೇಳುವವರು ಕಡಿಮೆ. ಕಳೆದ ವರ್ಷ ನಮ್ಮ ಮಾಮು ಕೊಂಡ ಕಾರಿಗೂ ಒಂದೇ ಚಾವಿ ಬಂತು. ಇನ್ನೊಂದು ಕಳೆದುಹೋಗಿದೆ ಎಂದರು ಮಾರಿದವರು. ಆ ಇನ್ನೊಂದು ಚಾವಿ ಯಾರ ಕೈಗಾದರೂ ಸಿಕ್ಕರೆ ಏನಾಗುತ್ತದೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ನಾನು ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಹಳೆಯ ಕಾರುಗಳ ಚಾವಿ ಬರೀ ಲೋಹದ್ದು. ಅದೇ ಹಲ್ಲಿನ ನಕಲಿ ಚಾವಿ ಮಾಡಿಸಿದರೆ ಗಾಡಿ ಚಾಲೂ ಆಗುತ್ತಿತ್ತು. ಇಮ್ಮೊಬಿಲೈಸರ್ ಇರುವ ಕಾರಿನಲ್ಲಿ ಹಾಗಾಗುವುದಿಲ್ಲ. ಯುರೋಪಿನಲ್ಲಿ 1998ರಿಂದ ಹೊಸ ಕಾರುಗಳಿಗೆ ಇದು ಕಡ್ಡಾಯ. ನಮ್ಮಲ್ಲಿ ಮಾರುತಿ ಕಾರುಗಳಲ್ಲಿ ಐಕ್ಯಾಟ್ಸ್ ಎಂಬ ಹೆಸರಿನಲ್ಲಿ ಬಂದದ್ದೂ ಇದೇ.

ಚಾವಿಯ ಪ್ಲಾಸ್ಟಿಕ್ ಹಿಡಿಯೊಳಗೆ ಒಂದು ಪುಟ್ಟ ಚಿಪ್ ಇರುತ್ತದೆ. ಅದಕ್ಕೆ ಬ್ಯಾಟರಿ ಬೇಡ. ಚಾವಿ ಹಾಕುವ ಜಾಗದ ಸುತ್ತ ತಾಮ್ರದ ಸುರುಳಿ ಇದ್ದು, ಅದರಲ್ಲಿ ಸುಮಾರು 125 ಕಿಲೋಹರ್ಟ್ಸ್ ಆವೃತ್ತಿಯ ಪರ್ಯಾಯ ವಿದ್ಯುತ್ ಹರಿಯುತ್ತದೆ. ಬದಲಾಗುವ ಕಾಂತಕ್ಷೇತ್ರವು ಚಿಪ್‌ನ ಸುರುಳಿಯಲ್ಲಿ ವಿದ್ಯುತ್ ಹುಟ್ಟಿಸುತ್ತದೆ. ದ್ವಿತೀಯ ಪಿಯುಸಿಯಲ್ಲಿ ನಾವು ಓದುವ ಫ್ಯಾರಡೆಯ ವಿದ್ಯುತ್ಕಾಂತೀಯ ಪ್ರೇರಣೆ ಇದೇ. ಎಚ್ಚರಗೊಂಡ ಚಿಪ್‌ಗೆ ಕಾರು ಒಂದು ಸಂಖ್ಯೆ ಕಳಿಸುತ್ತದೆ. ಚಿಪ್ ತನ್ನ ಗುಪ್ತ ಸಂಖ್ಯೆಯನ್ನು ಸೇರಿಸಿ ಲೆಕ್ಕ ಮಾಡಿ ಉತ್ತರ ಕೊಡುತ್ತದೆ. ಉತ್ತರ ತಪ್ಪಿದರೆ ಎಂಜಿನ್ ಚಾಲೂ ಆಗುವುದಿಲ್ಲ.

ಬಾಗಿಲು ತೆರೆಯುವ ರಿಮೋಟ್ ಬೇರೆ. ಅದಕ್ಕೆ ಬ್ಯಾಟರಿ ಬೇಕು; ಹೆಚ್ಚಿನವು 433 ಮೆಗಾಹರ್ಟ್ಸ್ ರೇಡಿಯೊ ತರಂಗ ಕಳಿಸುತ್ತವೆ. ಪ್ರತಿ ಸಲ ಗುಂಡಿ ಒತ್ತಿದಾಗಲೂ ಸಂಕೇತ ಬದಲಾಗುತ್ತದೆ. ಕಾರು ಒಮ್ಮೆ ಒಪ್ಪಿದ ಸಂಕೇತವನ್ನು ಮತ್ತೆ ಒಪ್ಪುವುದಿಲ್ಲ. ಹೀಗಾಗಿ ಕಳ್ಳ ಅದನ್ನು ರೆಕಾರ್ಡ್ ಮಾಡಿಕೊಂಡು ಮತ್ತೆ ಕಳಿಸಿದರೂ ಬಾಗಿಲು ತೆರೆಯದು. ಆದರೆ ಅದೇ ಆವೃತ್ತಿಯಲ್ಲಿ ಗದ್ದಲ ಎಬ್ಬಿಸಿದರೆ ನಮ್ಮ ಲಾಕ್ ಸಂಕೇತ ಕಾರಿಗೆ ಮುಟ್ಟುವುದೇ ಇಲ್ಲ. ಲಾಕ್ ಆಗಿದೆ ಎಂದುಕೊಂಡು ನಾವು ಸಂತೆಗೆ ಹೋಗಿಬಿಡುತ್ತೇವೆ.

ಇನ್ನು ಚಾವಿ ಜೇಬಿನಲ್ಲಿದ್ದರೆ ಸಾಕು ಎನ್ನುವ ಕೀಲೆಸ್ ಕಾರುಗಳು. ಕಾರಿನ ದುರ್ಬಲ ಸಂಕೇತ ಒಂದೆರಡು ಮೀಟರ್ ಒಳಗಿರುವ ಚಾವಿಗೆ ಮಾತ್ರ ಕೇಳಿಸುತ್ತದೆ. ಚಾವಿ ಉತ್ತರ ಕೊಟ್ಟರೆ ಬಾಗಿಲು ತೆರೆಯುತ್ತದೆ. ಇಲ್ಲೊಂದು ದೌರ್ಬಲ್ಯವಿದೆ. ಒಬ್ಬ ಕಾರಿನ ಹತ್ತಿರ, ಇನ್ನೊಬ್ಬ ಮನೆಯ ಗೋಡೆಯ ಹತ್ತಿರ ಉಪಕರಣ ಹಿಡಿದು ನಿಂತು ಸಂಕೇತವನ್ನು ದಾಟಿಸಿದರೆ, ಚಾವಿ ಪಕ್ಕದಲ್ಲೇ ಇದೆ ಎಂದು ಕಾರು ನಂಬುತ್ತದೆ. ಗುಪ್ತ ಸಂಖ್ಯೆಯನ್ನು ಒಡೆಯುವ ಅಗತ್ಯವೇ ಇಲ್ಲ. ಸ್ವಿಟ್ಜರ್ಲೆಂಡಿನ ಇಟಿಎಚ್ ಜ್ಯೂರಿಚ್ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ 10 ಮಾದರಿಯ ಕಾರುಗಳೂ ಹೀಗೆ ಮೋಸ ಹೋದವು. ಈಗಿನ ಕೆಲವು ಕಾರುಗಳು ಸಂಕೇತ ಹೋಗಿಬರುವ ಸಮಯವನ್ನು ಅಳೆದು ಚಾವಿ ನಿಜವಾಗಿ ಎಷ್ಟು ದೂರವಿದೆ ಎಂದು ಲೆಕ್ಕ ಹಾಕುತ್ತವೆ.

ಒಂಟೆಯನ್ನು ಕಟ್ಟಿ, ಆಮೇಲೆ ಅಲ್ಲಾಹನ ಮೇಲೆ ಭರವಸೆ ಇಡಬೇಕೆಂದು ಪ್ರವಾದಿ ಮುಹಮ್ಮದ್ (ಸ) ಅವರು ಕಲಿಸಿದ್ದಾರೆ. ಕಾರಿನ ವಿಷಯದಲ್ಲಿ ಆ ಕಟ್ಟುವ ಕೆಲಸ ಹೀಗಿದೆ:

ಹಳೆಯ ಕಾರು ಕೊಳ್ಳುವಾಗ ಎರಡೂ ಚಾವಿ ಕೇಳಿ. ಕಳುವಾದರೆ ವಿಮೆ ಕಂಪನಿಯವರು ಸಾಮಾನ್ಯವಾಗಿ ಎರಡನ್ನೂ ಕೇಳುತ್ತಾರೆ. ಒಂದು ಕಳೆದಿದ್ದರೆ ಪೊಲೀಸ್ ಠಾಣೆಯಲ್ಲಿ ಲಿಖಿತ ದೂರು ಕೊಟ್ಟು ಪ್ರತಿ ಇಟ್ಟುಕೊಳ್ಳಿ. ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ ಕಳೆದ ಚಾವಿಯ ನೋಂದಣಿ ಅಳಿಸಬಹುದು. ಆಮೇಲೆ ಆ ಚಾವಿಯಿಂದ ಎಂಜಿನ್ ಚಾಲೂ ಆಗದು. ಮಾಮು ಮಾಡಿಸಿದ್ದೂ ಇದನ್ನೇ. ಆದರೆ ಅದರ ಲೋಹದ ಹಲ್ಲಿನಿಂದ ಬಾಗಿಲು ಇನ್ನೂ ತೆರೆಯಬಹುದು. ಆದ್ದರಿಂದ ಒಳಗೆ ಬೆಲೆಬಾಳುವ ವಸ್ತು, ಕಾಗದಪತ್ರ ಬಿಡಬೇಡಿ.

ಲಾಕ್ ಮಾಡಿದ ಮೇಲೆ ಒಮ್ಮೆ ಹಿಡಿಕೆ ಎಳೆದು ನೋಡಿ. ಕೀಲೆಸ್ ಚಾವಿಯನ್ನು ರಾತ್ರಿ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಡಿ, ಲೋಹ ಸಂಕೇತವನ್ನು ತಡೆಯುತ್ತದೆ. ಡಬ್ಬಿ ಕೆಲಸ ಮಾಡುತ್ತದೆಯೇ ಎಂದು ತಿಳಿಯುವುದು ಸುಲಭ: ಚಾವಿಯನ್ನು ಅದರಲ್ಲಿಟ್ಟು ಮುಚ್ಚಿ, ಕಾರಿನ ಪಕ್ಕದಲ್ಲೇ ನಿಂತು ಬಾಗಿಲು ತೆರೆಯಲು ಪ್ರಯತ್ನಿಸಿ. ತೆರೆದುಕೊಂಡರೆ ಬೇರೆ ಡಬ್ಬಿ ಹುಡುಕಿ.