ಎಡಗಾಲಿಗೆ ಬಿಡುವೋ, ಗೇರಿನ ಮೇಲೆ ಹಿಡಿತವೋ?
ಪಿಕಪ್ ಕೊಳ್ಳುವವರ ಮುಂದಿರುವ ಮ್ಯಾನ್ಯುಯಲ್–ಆಟೊಮ್ಯಾಟಿಕ್ ಪ್ರಶ್ನೆ

ಮೈಸೂರು: ಬೆಳಗಿನ ಹೊತ್ತು ದೇವರಾಜ ಮೊಹಲ್ಲಾದ ಯಾವುದೇ ಬೀದಿಯಲ್ಲಿ ಸರಕು ತುಂಬಿದ ಪಿಕಪ್ ಒಂದರ ಹಿಂದೆ ಸಿಕ್ಕಿಕೊಂಡವರು ಅದರ ಬ್ರೇಕ್ ದೀಪವನ್ನು ಗಮನಿಸಬಹುದು. ಆ ದೀಪ ಎಷ್ಟು ಬಾರಿ ಹೊತ್ತಿ ಆರುತ್ತದೆಯೋ, ಹೆಚ್ಚುಕಡಿಮೆ ಅಷ್ಟೇ ಬಾರಿ ಚಾಲಕನ ಎಡಗಾಲು ಕ್ಲಚ್ ಒತ್ತಿ ಬಿಟ್ಟಿರುತ್ತದೆ. ಸಯ್ಯಾಜಿರಾವ್ ರಸ್ತೆಯಿಂದ ಧನ್ವಂತರಿ ರಸ್ತೆಗೆ ಹೊರಳುವುದು, ದೇವರಾಜ ಮಾರುಕಟ್ಟೆಯ ಬದಿಯಲ್ಲಿ ಇಂಚಿಂಚಾಗಿ ಹಿಂದಕ್ಕೆ ಸರಿದು ಮೂಟೆ ಇಳಿಸುವುದು, ಅಲ್ಲಿಂದ ದೇವರಾಜ ಅರಸು ರಸ್ತೆಯ ಅಂಗಡಿಗಳತ್ತ ತೆವಳುವುದು. ಇಷ್ಟರಲ್ಲೇ ಗೇರ್ ಎಷ್ಟು ಸಲ ಬದಲಾಯಿತೆಂಬ ಲೆಕ್ಕ ಚಾಲಕನಿಗೂ ಇರುವುದಿಲ್ಲ. ಸಂಜೆಯ ಹೊತ್ತಿಗೆ ಮಂಡಿಗೆ ಮಾತ್ರ ಆ ಲೆಕ್ಕ ತಿಳಿದಿರುತ್ತದೆ.

ಹೊಸ ಪಿಕಪ್ ಕೊಳ್ಳಲು ಹೊರಟ ವ್ಯಾಪಾರಿಗಳು ಈಗ ಕೇಳುವ ಪ್ರಶ್ನೆ ಇದು: ಕಾರುಗಳಲ್ಲಿ ಬಂದಿರುವ ಆಟೊಮ್ಯಾಟಿಕ್ ಗೇರ್ ಪಿಕಪ್‌ಗಳಲ್ಲೂ ಇದೆಯಂತೆ, ಅದನ್ನೇ ಏಕೆ ಕೊಳ್ಳಬಾರದು? ಉತ್ತರ ಸರಳವಾಗಿಲ್ಲ. ಹಣ ಕೊಡುವವನು ಒಬ್ಬ, ಕ್ಲಚ್ ಒತ್ತುವವನು ಇನ್ನೊಬ್ಬ. ಆಯ್ಕೆಯ ಗೊಂದಲದ ಅರ್ಧಭಾಗ ಹುಟ್ಟುವುದೇ ಇಲ್ಲಿ.

ಆಯ್ಕೆ ನಿಜವಾಗಿ ಇದೆಯೇ?

ಮೊದಲು ಹೇಳಬೇಕಾದ ಮಾತೊಂದಿದೆ. ಟನ್‌ಗಟ್ಟಲೆ ಹೊರೆ ಹೊರುವ ಪಿಕಪ್‌ಗಳಲ್ಲಿ ಸದ್ಯಕ್ಕೆ ಈ ಆಯ್ಕೆ ಬಹುಮಟ್ಟಿಗೆ ಕಾಗದದ ಮೇಲಿನದು. ಮಹೀಂದ್ರಾದ ಬೋಲೆರೊ ಪಿಕಪ್ ಆಗಲಿ, ಎರಡು ಟನ್ ಹೊರೆಯ ಸಾಮರ್ಥ್ಯದೊಡನೆ 2022ರಲ್ಲಿ ಬಂದ ಟಾಟಾ ಯೋಧ 2.0 ಆಗಲಿ, ಐದು ಗೇರಿನ ಮ್ಯಾನ್ಯುಯಲ್ ವಾಹನಗಳೇ. ಆಟೊಮ್ಯಾಟಿಕ್ ದೊರೆಯುವುದು ನಾಲ್ಕು ಬಾಗಿಲಿನ, ಮನೆ ಮತ್ತು ತೋಟ ಎರಡಕ್ಕೂ ಸಲ್ಲುವ ದುಬಾರಿ ಪಿಕಪ್‌ಗಳಲ್ಲಿ. ಇಸುಜು ಕಂಪನಿ 2016ರಲ್ಲಿ ಭಾರತಕ್ಕೆ ತಂದ ಡಿ–ಮ್ಯಾಕ್ಸ್ ವಿ–ಕ್ರಾಸ್‌ಗೆ 2019ರಲ್ಲಿ ಆರು ಗೇರಿನ ಆಟೊಮ್ಯಾಟಿಕ್ ಸೇರಿತು. ಮೈಸೂರು ರಸ್ತೆಯಲ್ಲೇ ಇರುವ ಬಿಡದಿಯ ಕಾರ್ಖಾನೆಯಲ್ಲಿ ಜೋಡಣೆಯಾಗುವ ಟೊಯೊಟಾ ಹೈಲಕ್ಸ್ 2022ರಲ್ಲಿ ಮಾರುಕಟ್ಟೆಗೆ ಬಂದಾಗ ಎರಡೂ ಬಗೆಯ ಗೇರ್‌ಬಾಕ್ಸ್ ಹೊತ್ತೇ ಬಂತು. ಇವು ಬಲಿಷ್ಠ ವಾಹನಗಳೇನೋ ನಿಜ. ಆದರೆ ನೋಂದಣಿ ಪತ್ರದಲ್ಲಿ ಬೋಲೆರೊ ಪಿಕಪ್‌ನಷ್ಟು ಹೊರೆಗೆ ಇವುಗಳಿಗೆ ಅನುಮತಿ ಇರುವುದಿಲ್ಲ. ತರಕಾರಿ ಮೂಟೆ ಸಾಗಿಸಲೆಂದು ಹೈಲಕ್ಸ್ ಕೊಳ್ಳುವವರು ವಿರಳ. ಕೊಂಡರೆ ಅದು ವ್ಯಾಪಾರದ ಲೆಕ್ಕವಲ್ಲ, ಮನಸ್ಸಿನ ಲೆಕ್ಕ.

ಕುತೂಹಲದ ಸಂಗತಿಯೆಂದರೆ ಅಮೆರಿಕದಲ್ಲಿ ಪರಿಸ್ಥಿತಿ ಸಂಪೂರ್ಣ ತಲೆಕೆಳಗಾಗಿದೆ. ಅಲ್ಲಿನ ಭಾರಿ ಪಿಕಪ್‌ಗಳಲ್ಲಿ ಮ್ಯಾನ್ಯುಯಲ್ ಗೇರ್ ಕೊನೆಯವರೆಗೂ ಉಳಿಸಿಕೊಂಡಿದ್ದ ರ‍್ಯಾಮ್ ಕಂಪನಿ 2018ರ ಮಾದರಿಯ ನಂತರ ಅದನ್ನು ಕೈಬಿಟ್ಟಿತು. ಭಾರ ಎಳೆಯುವ ಅಮೆರಿಕನ್ ಪಿಕಪ್ ಬೇಕೆಂದರೆ ಈಗ ಆಟೊಮ್ಯಾಟಿಕ್ ಬಿಟ್ಟು ಬೇರೆ ದಾರಿಯಿಲ್ಲ.

ಎರಡು ಗೇರ್‌ಬಾಕ್ಸ್, ಎರಡು ಬಗೆಯ ಸವಕಳಿ

ಎಂಜಿನ್ ತಿರುಗುತ್ತಿರಬೇಕು, ಚಕ್ರ ನಿಂತಿರಬೇಕು. ವಾಹನ ಹೊರಡುವ ಪ್ರತಿ ಸಲವೂ ಈ ಎರಡನ್ನು ಮೆಲ್ಲಗೆ ಹೊಂದಿಸುವುದು ಹೇಗೆಂಬುದೇ ಮೂಲ ಸಮಸ್ಯೆ. ಮ್ಯಾನ್ಯುಯಲ್‌ನಲ್ಲಿ ಈ ಕೆಲಸ ಕ್ಲಚ್ ಪ್ಲೇಟಿನದು. ತಿರುಗುವ ಫ್ಲೈವೀಲ್‌ಗೆ ಪ್ಲೇಟು ಉಜ್ಜಿಕೊಂಡು, ಜಾರಿ, ಕೊನೆಗೆ ಅಂಟಿಕೊಳ್ಳುತ್ತದೆ. ಆ ಉಜ್ಜಾಟದಲ್ಲಿ ಪ್ಲೇಟು ಬಿಸಿಯಾಗುತ್ತದೆ, ಸವೆಯುತ್ತದೆ. ಚಾಲಕರು ಹಾಫ್ ಕ್ಲಚ್ ಎಂದು ಕರೆಯುವ ಸ್ಥಿತಿಯಲ್ಲಿ, ಅಂದರೆ ಪೆಡಲನ್ನು ಅರ್ಧ ಒತ್ತಿ ಹಿಡಿದು ಜನಸಂದಣಿಯಲ್ಲಿ ತೆವಳುವಾಗ, ಸವೆತ ಅತಿ ಹೆಚ್ಚು. ಹೆದ್ದಾರಿಯಲ್ಲಿ ವರ್ಷಗಟ್ಟಲೆ ಬಾಳುವ ಕ್ಲಚ್ ಮಾರುಕಟ್ಟೆಯ ಬೀದಿಗಳಲ್ಲಿ ಬೇಗ ಕೈಕೊಡುವುದು ಈ ಕಾರಣಕ್ಕೆ. ಹೊರೆ ಅನುಮತಿಗಿಂತ ಹೆಚ್ಚಾದರಂತೂ ಕೇಳುವುದೇ ಬೇಡ. ಸುಟ್ಟ ವಾಸನೆ ಹಿಂದಿನ ವಾಹನದವರಿಗೂ ತಲುಪುತ್ತದೆ.

ಆಟೊಮ್ಯಾಟಿಕ್‌ನಲ್ಲಿ ಪ್ಲೇಟಿನ ಜಾಗದಲ್ಲಿ ಟಾರ್ಕ್ ಕನ್ವರ್ಟರ್ ಇರುತ್ತದೆ. ಮಜ್ಜಿಗೆ ಕಡೆಯುವುದನ್ನು ನೆನಪಿಸಿಕೊಂಡರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಕಡೆಗೋಲು ಒಂದೇ ದಿಕ್ಕಿಗೆ ತಿರುಗಿದರೆ ಮಜ್ಜಿಗೆಯೂ ಸುತ್ತುತ್ತದೆ. ಪಾತ್ರೆಯನ್ನು ಹಿಡಿಯದೆ ಬಿಟ್ಟರೆ ಪಾತ್ರೆಯೂ ಅದೇ ದಿಕ್ಕಿಗೆ ತಿರುಗತೊಡಗುತ್ತದೆ. ಕಡೆಗೋಲಿನ ಜಾಗದಲ್ಲಿ ಎಂಜಿನ್, ಮಜ್ಜಿಗೆಯ ಜಾಗದಲ್ಲಿ ಎಣ್ಣೆ, ಪಾತ್ರೆಯ ಜಾಗದಲ್ಲಿ ಗೇರ್‌ಬಾಕ್ಸ್. ಬ್ರೇಕ್ ಹಿಡಿದಾಗ ಪಾತ್ರೆ ನಿಲ್ಲುತ್ತದೆ, ಕಡೆಗೋಲು ತಿರುಗುತ್ತಲೇ ಇರುತ್ತದೆ, ಎಂಜಿನ್ ನಿಂತುಹೋಗುವುದಿಲ್ಲ. ಇಷ್ಟೇ ಅಲ್ಲ, ವಾಹನ ನಿಂತಲ್ಲಿಂದ ಹೊರಡುವಾಗ ಕನ್ವರ್ಟರಿನ ಒಳಗಿನ ರೆಕ್ಕೆಗಳು ಎಣ್ಣೆಯ ಹರಿವನ್ನು ತಿರುಗಿಸಿ ಎಂಜಿನ್ನಿನ ತಿರುಚುಬಲವನ್ನು, ಅಂದರೆ ಟಾರ್ಕನ್ನು, ಹಿಗ್ಗಿಸಿಯೂ ಕೊಡುತ್ತವೆ. ಏರಿನಲ್ಲಿ ಹೊರೆ ಹೊತ್ತು ನಿಂತ ಪಿಕಪ್ ಹೊರಡಿಸಲು ಇದು ದೊಡ್ಡ ಉಪಕಾರ. ಬ್ರೇಕನ್ನು ತುಸು ಸಡಿಲಿಸಿದರೆ ಸಾಕು, ವಾಹನ ಮುಂದಕ್ಕೋ ಹಿಂದಕ್ಕೋ ತಾನಾಗಿ ತೆವಳುತ್ತದೆ. ದೇವರಾಜ ಮಾರುಕಟ್ಟೆಯ ಬದಿಯಲ್ಲಿ ತಳ್ಳುಗಾಡಿಗೂ ಬೈಕುಗಳಿಗೂ ತಾಗದಂತೆ ಹಿಂದಕ್ಕೆ ಬರುವ ಚಾಲಕನಿಗೆ ಇದರ ಬೆಲೆ ಗೊತ್ತು.

ಹಾಗೆಂದು ಇಲ್ಲಿ ಸವಕಳಿಯೇ ಇಲ್ಲವೆಂದಲ್ಲ. ಇಲ್ಲಿ ಬಿಸಿಯಾಗುವುದು ಎಣ್ಣೆ. ಬಿಸಿ ಮಿತಿಮೀರಿದರೆ ಎಣ್ಣೆ ಕಪ್ಪಾಗಿ ಗುಣ ಕಳೆದುಕೊಳ್ಳುತ್ತದೆ, ಒಳಗಿನ ಪ್ಲೇಟುಗಳು ಜಾರತೊಡಗುತ್ತವೆ. ಆಗ ಬರುವ ಬಿಲ್ಲು ಕ್ಲಚ್ ಪ್ಲೇಟಿನ ಬಿಲ್ಲಿನಂತೆ ಇರುವುದಿಲ್ಲ. ಕ್ಲಚ್ ಬದಲಾಯಿಸುವ ಮೆಕ್ಯಾನಿಕ್ ತಾಲ್ಲೂಕು ಕೇಂದ್ರದಲ್ಲೂ ಸಿಗುತ್ತಾನೆ. ಆಟೊಮ್ಯಾಟಿಕ್ ಬಿಚ್ಚಬಲ್ಲವರು ಹೆಚ್ಚಾಗಿ ಕಂಪನಿಯ ವರ್ಕ್‌ಶಾಪಿನಲ್ಲೇ ಇರುತ್ತಾರೆ. ದಿನದ ಬಾಡಿಗೆಯಿಂದ ತಿಂಗಳ ಕಂತು ಕಟ್ಟುವ ಮಾಲೀಕನಿಗೆ ವಾಹನ ವಾರಗಟ್ಟಲೆ ವರ್ಕ್‌ಶಾಪಿನಲ್ಲಿ ನಿಲ್ಲುವುದು ರಿಪೇರಿಯ ಖರ್ಚಿಗಿಂತ ಭಾರವಾದೀತು.

ಕಾರುಗಳಲ್ಲಿ 2014ರ ಮಾರುತಿ ಸೆಲೆರಿಯೊದಿಂದ ಜನಪ್ರಿಯವಾದ ಎಎಂಟಿ ಮೂರನೆಯ ಬಗೆ. ಅದು ಮ್ಯಾನ್ಯುಯಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತುವ ಕಾಲಿನ ಬದಲು ಯಂತ್ರವಿರುತ್ತದೆ, ಅಷ್ಟೆ. ಹಾಗಾಗಿ ತೆವಳಾಟದಲ್ಲಿ ಅದರ ಪ್ಲೇಟೂ ಸವೆಯುತ್ತದೆ. ಸರಕು ಪಿಕಪ್‌ಗಳಲ್ಲಿ ಅದಿನ್ನೂ ರೂಢಿಗೆ ಬಂದಿಲ್ಲ.

80 ನ್ಯೂಟನ್ ಮೀಟರ್ ಎಲ್ಲಿ ಹೋಯಿತು?

ಮ್ಯಾನ್ಯುಯಲ್ ಗಟ್ಟಿ, ಆಟೊಮ್ಯಾಟಿಕ್ ನಾಜೂಕು ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ತಯಾರಕರ ಅಂಕಿಗಳು ಬೇರೆಯದನ್ನೇ ಹೇಳುತ್ತವೆ. ಹೈಲಕ್ಸ್‌ನ 2.8 ಲೀಟರ್ ಡೀಸೆಲ್ ಎಂಜಿನ್ ಎರಡೂ ಮಾದರಿಯಲ್ಲಿ ಒಂದೇ. ಅಶ್ವಶಕ್ತಿಯೂ ಒಂದೇ, 204. ಆದರೆ ಟಾರ್ಕ್ ಆಟೊಮ್ಯಾಟಿಕ್‌ನಲ್ಲಿ 500 ನ್ಯೂಟನ್ ಮೀಟರ್, ಮ್ಯಾನ್ಯುಯಲ್‌ನಲ್ಲಿ 420. ಅಮೆರಿಕದ ರ‍್ಯಾಮ್‌ನ ಕಮಿನ್ಸ್ ಎಂಜಿನ್ನಿಗೂ ಹೀಗೆಯೇ ಆಗಿತ್ತು: ಮ್ಯಾನ್ಯುಯಲ್ ಜೋಡಿಸಿದರೆ ಸುಮಾರು 895, ಭಾರಿ ಆಟೊಮ್ಯಾಟಿಕ್ ಜೋಡಿಸಿದರೆ 1,260. ಕಾಲಿನಿಂದ ಒತ್ತಬಹುದಾದಷ್ಟು ಹಗುರವಾಗಿ ಕ್ಲಚ್ ಇರಬೇಕೆಂದರೆ ಅದು ಹಿಡಿದಿಡಬಲ್ಲ ಬಲಕ್ಕೂ ಮಿತಿಯಿರುತ್ತದೆ. ಗೇರ್‌ಗಳ ಹಲ್ಲುಗಳಿಗೂ ಮಿತಿಯಿದೆ. ಆದ್ದರಿಂದಲೇ ಎಂಜಿನ್ ಎಷ್ಟು ಬಲ ಕೊಡಬಹುದೋ ಅಷ್ಟನ್ನು ಕೊಡದಂತೆ ಕಂಪನಿಯೇ ಅದಕ್ಕೆ ಕಡಿವಾಣ ಹಾಕುತ್ತದೆ.

ಹಾಗಾದರೆ ನಮ್ಮ ಸರಕು ಪಿಕಪ್‌ಗಳು ಮ್ಯಾನ್ಯುಯಲ್‌ನಲ್ಲೇ ಉಳಿದಿರುವುದೇಕೆ? ಅವುಗಳ ಎಂಜಿನ್ನಿನ ಟಾರ್ಕ್ 200ರಿಂದ 250 ನ್ಯೂಟನ್ ಮೀಟರ್ ಸುತ್ತಮುತ್ತ ಇರುತ್ತದೆ. ಆ ಮಟ್ಟಕ್ಕೆ ಸಾಮಾನ್ಯ ಕ್ಲಚ್ ಧಾರಾಳ ಸಾಕು. ಬೆಲೆ ತಗ್ಗಿಸುವ ಪೈಪೋಟಿಯಲ್ಲಿ ದುಬಾರಿ ಆಟೊಮ್ಯಾಟಿಕ್‌ಗೆ ಜಾಗವಿಲ್ಲ. ಮ್ಯಾನ್ಯುಯಲ್ ಗೇರ್‌ಬಾಕ್ಸ್ ತಯಾರಿಕೆಯೂ ಇಲ್ಲಿಯೇ ಚೆನ್ನಾಗಿ ಬೇರುಬಿಟ್ಟಿದೆ. ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಆಟೊ ಪಾರ್ಟ್ಸ್ 2004ರಿಂದ ಅವುಗಳನ್ನು ತಯಾರಿಸಿ ಹೊರದೇಶಗಳಿಗೂ ಕಳುಹಿಸುತ್ತ ಬಂದಿದೆ. ಎಡಗಾಲಿನ ಶ್ರಮ ಮಾತ್ರ ಯಾವ ಬೆಲೆಪಟ್ಟಿಯಲ್ಲೂ ಕಾಣಿಸುವುದಿಲ್ಲ. ಕಾಣಿಸಿದ ಕಡೆ ನಿರ್ಧಾರ ಬೇರೆಯಾಗಿದೆ: ಬೆಂಗಳೂರಿನಲ್ಲಿ 2006ರ ಹೊತ್ತಿಗೆ ಬಿಎಂಟಿಸಿ ಓಡಿಸತೊಡಗಿದ ವೋಲ್ವೊ ನಗರ ಬಸ್ಸುಗಳಲ್ಲಿ ಕ್ಲಚ್ ಪೆಡಲೇ ಇರಲಿಲ್ಲ.

ಘಾಟಿಯಲ್ಲಿ ಪರೀಕ್ಷೆ

ಮಾರುಕಟ್ಟೆಯ ವಾಹನ ಮಾರುಕಟ್ಟೆಯಲ್ಲೇ ಇರುವುದಿಲ್ಲ. ನಂಜನಗೂಡು ರಸ್ತೆಯ ಬಂಡೀಪಾಳ್ಯದ ಎಪಿಎಂಸಿ ಒಂದು ಕಡೆಯಾದರೆ, ಊಟಿಯ ತರಕಾರಿ, ಕೊಯಮತ್ತೂರಿನ ಸರಕು ಇನ್ನೊಂದು ಕಡೆ. ಊಟಿ–ಮಸಿನಗುಡಿ ನಡುವಿನ ಕಲ್ಹಟ್ಟಿ ಘಾಟಿಯಲ್ಲಿ 36 ಹೇರ್‌ಪಿನ್ ತಿರುವುಗಳಿವೆ. ಚಾಮರಾಜನಗರದಾಚೆ ಸತ್ಯಮಂಗಲಕ್ಕೆ ಇಳಿಯುವ ದಿಂಬಂ ಘಾಟಿಯಲ್ಲಿ 27. ಬಂಡೀಪುರದ ಅರಣ್ಯ ರಸ್ತೆಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿರ್ಬಂಧವಿದೆ. ಗೇಟು ಮುಚ್ಚುವ ಮೊದಲು ದಾಟಬೇಕೆಂಬ ಆತುರದಲ್ಲಿ ಹೊರೆ ಹೊತ್ತು ಘಾಟಿ ಇಳಿಯುವಾಗಲೇ ಗೇರ್‌ಬಾಕ್ಸಿನ ನಿಜವಾದ ಪರೀಕ್ಷೆ.

ಏರುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು ಎಂಬುದು ಹಳೆಯ ಚಾಲಕರ ಪಾಠ. ಕಡಿಮೆ ಗೇರಿನಲ್ಲಿ ಎಂಜಿನ್ನೇ ಚಕ್ರಗಳನ್ನು ತಡೆದು ಹಿಡಿಯುತ್ತದೆ, ಬ್ರೇಕು ತಣ್ಣಗಿರುತ್ತದೆ. ಬ್ರೇಕನ್ನೇ ನಂಬಿ ಇಳಿದರೆ ಡ್ರಮ್ಮು ಕಾದು, ಪೆಡಲ್ ಒತ್ತಿದರೂ ಹಿಡಿಯದ ಸ್ಥಿತಿ ಬರುತ್ತದೆ. ಮ್ಯಾನ್ಯುಯಲ್ ಚಾಲಕನಿಗೆ ಎರಡನೇ ಗೇರು ಕೈಗೆ ಸಿಗುವ ಸಂಗತಿ. ಆಟೊಮ್ಯಾಟಿಕ್ ಅನ್ನು ‘ಡಿ’ಯಲ್ಲೇ ಬಿಟ್ಟು ಇಳಿದರೆ ಅದು ಮೇಲಿನ ಗೇರಿಗೆ ಜಿಗಿಯುವ ಸಾಧ್ಯತೆ ಇರುತ್ತದೆ. ಹೊಸ ವಾಹನಗಳ ಕಂಪ್ಯೂಟರ್ ಇಳಿಜಾರನ್ನು ಗುರುತಿಸಿ ಕೆಳ ಗೇರು ಹಿಡಿಯುತ್ತದೆ ನಿಜ. ಆದರೂ ಲಿವರನ್ನು ಮ್ಯಾನ್ಯುಯಲ್ ಸ್ಥಾನಕ್ಕೆ ಎಳೆದು ಗೇರನ್ನು ಕಟ್ಟಿಹಾಕುವುದು ಚಾಲಕನ ಕರ್ತವ್ಯವೇ. ಆಟೊಮ್ಯಾಟಿಕ್ ಎಂದ ಮಾತ್ರಕ್ಕೆ ಘಾಟಿಯಲ್ಲಿ ಗೇರು ಮುಟ್ಟುವುದೇ ಬೇಡ ಎಂಬುದು ಅಪಾಯದ ತಿಳಿವಳಿಕೆ. ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನೇ ಇಡಬೇಕು.

ಇನ್ನೂ ಎರಡು ವ್ಯತ್ಯಾಸ. ಬ್ಯಾಟರಿ ಸತ್ತರೆ ಮ್ಯಾನ್ಯುಯಲ್ ವಾಹನವನ್ನು ನಾಲ್ಕು ಜನ ತಳ್ಳಿ ಸ್ಟಾರ್ಟ್ ಮಾಡಬಹುದು. ಆಟೊಮ್ಯಾಟಿಕ್ ಅದಕ್ಕೆ ಜಗ್ಗುವುದಿಲ್ಲ. ಕೆಟ್ಟು ನಿಂತ ಆಟೊಮ್ಯಾಟಿಕ್ ಅನ್ನು, ಎಂಜಿನ್ನಿನ ಬಲ ತಲುಪುವ ಚಕ್ರಗಳು ನೆಲದ ಮೇಲಿರುವಂತೆಯೇ ಹಗ್ಗ ಕಟ್ಟಿ ದೂರ ಎಳೆಯಲೂ ಬಾರದು. ಎಂಜಿನ್ ನಿಂತಾಗ ಎಣ್ಣೆಯ ಪಂಪೂ ನಿಂತಿರುತ್ತದೆ, ಗೇರ್‌ಬಾಕ್ಸ್ ಎಣ್ಣೆಯಿಲ್ಲದೆ ಒಣಗಿ ಸವೆಯುತ್ತದೆ.

ಯಾರಿಗೆ ಯಾವುದು?

ಚಾಲಕರ ಕೊರತೆ ಮಾಲೀಕರ ಸಾಮಾನ್ಯ ಅಳಲು. ಲಘು ಮೋಟಾರು ವಾಹನದ ಪರವಾನಗಿ ಇರುವವರು 7,500 ಕೆ.ಜಿ. ಒಳಗಿನ ಸಾರಿಗೆ ವಾಹನವನ್ನೂ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. ಪಿಕಪ್‌ಗಳು ಈ ಮಿತಿಯೊಳಗೇ ಬರುತ್ತವೆ. ಬೈಕುಗಳಲ್ಲಿ ಗೇರ್ ಇರುವುದು, ಇಲ್ಲದ್ದು ಎಂದು ಪರವಾನಗಿ ಬೇರೆಬೇರೆ. ನಾಲ್ಕು ಚಕ್ರದ ವಾಹನಗಳಿಗೆ ಆ ಭೇದವಿಲ್ಲ. ಅಂದರೆ ಆಟೊಮ್ಯಾಟಿಕ್ ಕಾರನ್ನಷ್ಟೇ ಓಡಿಸಿ ಬಲ್ಲವನನ್ನು ಮ್ಯಾನ್ಯುಯಲ್ ಪಿಕಪ್‌ನಲ್ಲಿ ಕೂರಿಸಿ ಘಾಟಿಗೆ ಕಳುಹಿಸಲು ಕಾನೂನಿನ ಅಡ್ಡಿಯಿಲ್ಲ. ವಿವೇಕದ ಅಡ್ಡಿ ಇರಬೇಕು. ತಿರುಗುಮುರುಗಾದ ಅಪಾಯವೂ ಉಂಟು. ವರ್ಷಗಟ್ಟಲೆ ಕ್ಲಚ್ ಒತ್ತಿದ ಎಡಗಾಲು ಆಟೊಮ್ಯಾಟಿಕ್‌ನಲ್ಲಿ ಕ್ಲಚ್ ಹುಡುಕುತ್ತ ಬ್ರೇಕಿನ ಮೇಲೆ ಬಿದ್ದು, ವಾಹನ ಗಕ್ಕನೆ ನಿಲ್ಲುತ್ತದೆ. ಮೊದಲ ಕೆಲವು ದಿನ ಎಡಗಾಲನ್ನು ಬೇಕೆಂದೇ ಹಿಂದಕ್ಕೆ ಮಡಚಿಡುವುದು ಒಳ್ಳೆಯದು.

ಹೊರೆಯೇ ಮುಖ್ಯವಾದವರಿಗೆ ಮ್ಯಾನ್ಯುಯಲ್ ಅನಿವಾರ್ಯ. ತೋಟ, ಸಂಸಾರ, ಆಗೊಮ್ಮೆ ಈಗೊಮ್ಮೆ ಸರಕು ಎನ್ನುವವರು, ಅದರಲ್ಲೂ ಸ್ವತಃ ಓಡಿಸುವವರು, ಬಜೆಟ್ ಒಪ್ಪಿದರೆ ಆಟೊಮ್ಯಾಟಿಕ್ ಆರಿಸಿ ಪಶ್ಚಾತ್ತಾಪ ಪಡಬೇಕಾದ್ದಿಲ್ಲ. ಇಂಧನದ ವ್ಯತ್ಯಾಸ ಹಿಂದಿನಷ್ಟು ಉಳಿದಿಲ್ಲ. ವೇಗ ಹಿಡಿದ ಮೇಲೆ ಕನ್ವರ್ಟರನ್ನು ಬಿಗಿಯಾಗಿ ಕಚ್ಚಿಸುವ ಲಾಕ್‌ಅಪ್ ಕ್ಲಚ್ ಇರುವುದರಿಂದ ಜಾರಿಹೋಗುವ ಶಕ್ತಿ ಕಡಿಮೆಯಾಗಿದೆ. ಇನ್ನು ಊರೊಳಗಷ್ಟೇ ಓಡಾಟವಿದ್ದು ಹೊರೆ ಒಂದು ಟನ್ ಒಳಗಿದ್ದರೆ, 2022ರಲ್ಲಿ ಬಂದ ಟಾಟಾ ಏಸ್ ಇವಿಯಂಥ ವಿದ್ಯುತ್ ವಾಹನಗಳನ್ನು ನೋಡಬಹುದು. ಅವುಗಳಲ್ಲಿ ಕ್ಲಚ್ಚೂ ಇಲ್ಲ, ಬದಲಾಯಿಸಬೇಕಾದ ಗೇರೂ ಇಲ್ಲ. 2005ರಲ್ಲಿ ಬಂದ ಮೊದಲ ಏಸ್ ಓಡಿಸಿದವರಿಗೆ ಈ ಬದಲಾವಣೆ ಸಣ್ಣದೆನಿಸಲಾರದು.

ಪ್ರಯೋಗ ಚಾಲನೆಗೆ ಮಾಲೀಕರು ಒಬ್ಬರೇ ಹೋಗುವುದು ರೂಢಿ. ದಿನವೂ ಓಡಿಸುವವನನ್ನು ಕರೆದೊಯ್ಯುವುದು ಲೇಸು. ಹಳೆಯ ವಾಹನವಾದರೆ ಒಂದು ಸುಲಭ ಪರೀಕ್ಷೆಯಿದೆ. ಸಮತಟ್ಟಾದ, ಮುಂದೆ ಯಾರೂ ಇಲ್ಲದ ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರಿಗೆ ಹಾಕಿ, ಕ್ಲಚ್ಚನ್ನು ಮೆಲ್ಲಗೆ ಬಿಡಬೇಕು. ಎಂಜಿನ್ ನಿಂತುಹೋದರೆ ಕ್ಲಚ್ ಸರಿಯಿದೆ. ನಿಲ್ಲದೆ ಗುರುಗುಡುತ್ತಲೇ ಇದ್ದರೆ ಪ್ಲೇಟು ಮುಗಿಯುತ್ತ ಬಂದಿದೆ. ಆಟೊಮ್ಯಾಟಿಕ್ ಆದರೆ ವರ್ಕ್‌ಶಾಪಿನಲ್ಲಿ ಗೇರ್‌ಬಾಕ್ಸ್ ಎಣ್ಣೆಯನ್ನು ತೆಗೆಸಿ ನೋಡಬೇಕು. ಕಂದು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬಂದರೆ, ಬೆಲೆ ಎಷ್ಟೇ ಇಳಿಸಿದರೂ ಆ ವಾಹನ ಬೇಡ.